ರೆಬೆಕ್ಕಳ ಹಲಗೆ

3 ಜೂನ್ 1991

ಅಜ್ಜಿಗೆ ನಮಸ್ಕಾರ.

ನಾನು ನಿಮ್ಮ ದೊಡ್ಡ ಮಗನ ಮಗಳು. ನೀವು ನನ್ನನ್ನು ಕೊನೆಯ ಸಲ ನೋಡಿದಾಗ ನನಗೆ ಮೂರು ವರ್ಷವಂತೆ, ನಿಮ್ಮ ಕನ್ನಡಕ ಮುರಿದು ಹಾಕಿದ್ದೆನಂತೆ. ಈಗ ಇಪ್ಪತ್ತೆರಡು. ಇಲ್ಲಿಯ ಪ್ರಾಥಮಿಕ ಶಾಲೆಯಲ್ಲಿ ಟೀಚರ್ ಆಗಿದ್ದೇನೆ. ಹತ್ತೊಂಬತ್ತು ವರ್ಷ ಒಂದು ಸಾಲೂ ಬರೆಯದ ಮನೆಯಿಂದ ಇದ್ದಕ್ಕಿದ್ದಂತೆ ಕಾಗದ ಬಂದರೆ ನಿಮಗೆ ಏನನ್ನಿಸುತ್ತದೋ ಗೊತ್ತಿಲ್ಲ.

ಕಾರಣ ಇಷ್ಟೇ. ನಮ್ಮ ಚರ್ಚಿನ ಸಭಾಪಾಲಕರು ಭಾನುವಾರದ ಮಕ್ಕಳ ತರಗತಿಯನ್ನು ನನ್ನ ಕೊರಳಿಗೆ ಕಟ್ಟಿದ್ದಾರೆ. ಮೊದಲ ಮೂರು ತಿಂಗಳು 'ಬೈಬಲಿನ ವೀರರು ಮತ್ತು ಖಳರು' ಎಂಬ ಪಾಠ. ಯಾರನ್ನು ಯಾವ ಕಡೆ ಹಾಕುವುದೆಂದು ತಲೆ ಕೆಡಿಸಿಕೊಂಡು ಕೂತಿದ್ದೆ. ಅಪ್ಪ ಅಂದರು, "ಅದಕ್ಕೆ ನಿಮ್ಮಜ್ಜಿನೇ ಸರಿ. ಎರಡೇ ಹಲಗೆ. ಮಧ್ಯೆ ನಿಲ್ಲೋಕೆ ಯಾರಿಗೂ ಜಾಗ ಇಲ್ಲ." ನಿಮ್ಮ ಸುದ್ದಿಯನ್ನು ಅವರಾಗಿಯೇ ಎತ್ತಿದ್ದು ನಾನು ಕೇಳಿದ ಹಾಗೆ ಅದೇ ಮೊದಲು.

ನಿಮ್ಮ ಪಟ್ಟಿಯನ್ನು ಬರೆದು ಕಳಿಸುತ್ತೀರಾ? ಅಪ್ಪ ಚೆನ್ನಾಗಿದ್ದಾರೆ.

ನಿಮ್ಮ ಮೊಮ್ಮಗಳು


12 ಜೂನ್ 1991

ಮೊಮ್ಮಗಳಿಗೆ,

ಕಾಗದ ತಲುಪಿತು. ಅಕ್ಷರ ದುಂಡಗಿದೆ. ಸಾಲು ಮಾತ್ರ ಬಲಕ್ಕೆ ಹೋಗುತ್ತಾ ಹೋಗುತ್ತಾ ಮೇಲಕ್ಕೇರುತ್ತದೆ. ಟೀಚರ್ ಆದವಳು ಅದನ್ನು ತಿದ್ದಿಕೊಳ್ಳಬೇಕು. ಕನ್ನಡಕ ಮುರಿದದ್ದು ನಿಜ. ಹೊಸತಾಗಿತ್ತು.

ನಾನು ಆ ತರಗತಿಯನ್ನು ಮೂವತ್ತೊಂದು ವರ್ಷ ನಡೆಸಿದೆ. ಅಷ್ಟರಲ್ಲಿ ಏಳು ಮಂದಿ ಸಭಾಪಾಲಕರು ಬಂದು ಹೋದರು. ಹೋದ ವರ್ಷ ಮೆಟ್ಟಿಲಲ್ಲಿ ಜಾರಿ ಸೊಂಟದ ಮೂಳೆ ಮುರಿದ ಮೇಲೆ ನಿಂತಿತು. ಈಗ ಮರಗೆಲಸದ ಅಂಗಡಿಯ ಮೇಲಿನ ಕೋಣೆಯಲ್ಲೇ ನನ್ನ ವಾಸ. ಕೆಳಗೆ ಇಳಿಯಲು ಹದಿನಾಲ್ಕು ಮೆಟ್ಟಿಲು, ನನಗೆ ಒಂದೂ ಆಗದು. ಕಿವಿಯೂ ಮಂದ, ಫೋನು ಮಾಡಿ ಪ್ರಯೋಜನವಿಲ್ಲ. ಏನಿದ್ದರೂ ಬರೆ.

ಗೋಡೆಗೆ ಎರಡು ಹಲಗೆ ಹೊಡೆಸು. ಬಲಗಡೆ ಒಳ್ಳೆಯವರು, ಎಡಗಡೆ ಕೆಟ್ಟವರು. ನನ್ನಲ್ಲಿ ಗೇಣುದ್ದದ ನಲವತ್ತು ಮರದ ಗೊಂಬೆಗಳಿದ್ದವು. ವರ್ಷದ ಕೊನೆಯ ಭಾನುವಾರ ಮಕ್ಕಳು ಬಟ್ಟೆಯ ಚೆಂಡೆಸೆದು ಎಡಗಡೆಯವರನ್ನು ಉರುಳಿಸಬೇಕು. ಆ ಒಂದು ದಿನಕ್ಕಾಗಿ ವರ್ಷವಿಡೀ ಪಾಠ ಕಲಿಯುತ್ತಿದ್ದರು.

ಎಡಗಡೆ: ತಮ್ಮನನ್ನು ಕೊಂದ ಕಾಯಿನ, ಫರೋಹ, ಗೊಲ್ಯಾತ, ಈಜೆಬೆಲ್, ಹಾಮಾನ, ಹೆರೋದ, ಯೂದ. ಏಸಾವನೂ ಅಲ್ಲೇ. ಒಂದು ಬಟ್ಟಲು ಬೇಳೆ ಸಾರಿಗೆ ಹಿರಿಯತನ ಮಾರಿಕೊಂಡವನು.

ಬಲಗಡೆ: ಹೇಬೆಲ, ಯೋಸೇಫ, ದಾನಿಯೇಲ, ಎಸ್ತೇರ್, ಯಾಕೋಬ. ಮುಂದಿನ ಸಾಲಿನಲ್ಲಿ ಯಾಕೋಬನ ತಾಯಿ ರೆಬೆಕ್ಕ. ಕಿರಿಯವನೇ ದೊಡ್ಡವನಾಗುತ್ತಾನೆಂದು ದೇವರು ಅವಳಿಗೆ ಮೊದಲೇ ತಿಳಿಸಿದ್ದ. ಗಂಡನಿಗೆ ಕಣ್ಣು ಕಾಣದಿದ್ದಾಗ ಮನೆಯ ದಾರಿ ಕಂಡವಳು ಅವಳೊಬ್ಬಳೇ. ದಾವೀದನೂ ಬಲಗಡೆ, ಆದರೆ ಬತ್ಷೆಬೆಯ ವಿಷಯ ಎತ್ತಬೇಡ. ಒಂದು ಸಲ ಎತ್ತಿ, ಅವಳು ಯಾಕೆ ಮಾಳಿಗೆಗೆ ಕಾಣುವ ಹಾಗೆ ಸ್ನಾನ ಮಾಡಿದಳೆಂಬ ಪ್ರಶ್ನೆಯಲ್ಲಿ ಇಡೀ ಬೆಳಗು ಹೋಯಿತು. ಪೇತ್ರ ಮೂರು ಸಲ ಸುಳ್ಳು ಹೇಳಿದವನು. ಅವನನ್ನು ಒಂದು ಭಾನುವಾರ ಗೋಡೆಗೆ ಮುಖ ಮಾಡಿ ನಿಲ್ಲಿಸು, ಆಮೇಲೆ ತಿರುಗಿಸು.

ಒಂದು ಸಲ ಇಟ್ಟ ಮೇಲೆ ಯಾರನ್ನೂ ಹಲಗೆ ಬದಲಿಸಬೇಡ. ಮಕ್ಕಳಿಗೆ ಗೊಂದಲವಾಗುತ್ತದೆ.

ಆ ಗೊಂಬೆಗಳನ್ನು ಕೆತ್ತಿದವನು ನಿನ್ನಪ್ಪ. ಆಗ ಅವನಿಗೆ ಹದಿನೇಳು. ಏಸಾವನಿಗೂ ಯಾಕೋಬನಿಗೂ ಒಂದೇ ಮುಖ ಮಾಡಿ ತಂದ. "ಅವಳಿ ಮಕ್ಕಳಲ್ವೇನಮ್ಮ, ಬೇರೆ ಮುಖ ಎಲ್ಲಿಂದ ತರಲಿ?" ಎಂದ. "ಹಾಗಾದ್ರೆ ಕೆಟ್ಟೋನು ಯಾರು ಅಂತ ಮಕ್ಕಳಿಗೆ ಹೇಗೋ ಗೊತ್ತಾಗೋದು?" ಎಂದರೆ, "ನೀನಿದ್ದೀಯಲ್ಲ, ಹೇಳ್ತೀಯ ಬಿಡು" ಎಂದು ನಕ್ಕ. ಏಸಾವನಿಗೆ ನಾನೇ ಕೆಂಪು ಬಣ್ಣ ಬಳಿದೆ.

ಅವನು ಚೆನ್ನಾಗಿರುವುದು ತಿಳಿಯಿತು. ನಾನು ಕೇಳಿರಲಿಲ್ಲ.

ನಿನ್ನ ಅಜ್ಜಿ


24 ಜೂನ್ 1991

ಅಜ್ಜಿಗೆ,

ನಿಮ್ಮ ಪಟ್ಟಿಯಂತೆಯೇ ರಟ್ಟಿನ ಗೊಂಬೆಗಳನ್ನು ಮಾಡಿದೆ. ಪೇತ್ರನನ್ನು ಗೋಡೆಗೆ ತಿರುಗಿಸಿದಾಗ ಒಂದು ಹುಡುಗಿ, "ಟೀಚರ್, ಅವನಿಗೆ ಉಸಿರು ಕಟ್ಟಲ್ವಾ?" ಅಂದಳು. ಅರ್ಧ ಗಂಟೆಗೇ ತಿರುಗಿಸಿಬಿಟ್ಟೆ, ಬೈಯಬೇಡಿ.

ನಾನು ನಿಮಗೆ ಸುಳ್ಳು ಬರೆದಿದ್ದೆ. ಅಪ್ಪ ಚೆನ್ನಾಗಿಲ್ಲ. ತಲೆಯೊಳಗೆ ಗಡ್ಡೆ ಬೆಳೆದಿದೆ. ಆಗಸ್ಟ್ ಹನ್ನೆರಡಕ್ಕೆ ಆಪರೇಷನ್. "ಬದುಕ್ತಾರೆ. ಆದರೆ ತಲೆಯಲ್ಲಿರೋದು ಎಷ್ಟು ಉಳಿಯುತ್ತೆ ಅಂತ ನಾನು ಹೇಳಲಾರೆ" ಅಂದರು ಡಾಕ್ಟರು. ಅಮ್ಮ ತೀರಿಕೊಂಡು ನಾಲ್ಕು ವರ್ಷವಾಯಿತು. ಅದನ್ನೂ ನಿಮಗೆ ಯಾರೂ ತಿಳಿಸಿರಲಿಕ್ಕಿಲ್ಲ. ಮನೆಯಲ್ಲಿ ನಾವಿಬ್ಬರೇ.

ನಿಮ್ಮ ಪತ್ರ ಓದಿ ಹೇಳಿದೆ. ಗೊಂಬೆಗಳ ಮಾತಿಗೆ ನಕ್ಕರು. ಆಮೇಲೆ ಕೇಳಿದರು, "ನನಗೂ ಒಂದು ಆಶೀರ್ವಾದ ಉಳಿಸಿಲ್ವಾ ಅಪ್ಪ ಅಂತ ಏಸಾವ ಗೋಳೋ ಅಂತ ಅತ್ತನಲ್ಲ, ಅದನ್ನ ಮಕ್ಕಳಿಗೆ ಹೇಳಿದ್ಯಾ?"

ಅಜ್ಜಿ, ಕಾರ್ಖಾನೆಯಲ್ಲಿ ಅಪ್ಪ ಹತ್ತೊಂಬತ್ತು ವರ್ಷದಿಂದ ಸಾಮಾನು ತುಂಬುವ ಪೆಟ್ಟಿಗೆಗಳಿಗೆ ಮೊಳೆ ಹೊಡೆಯುತ್ತಿದ್ದಾರೆ. ಇಲ್ಲಿಗೆ ಬಂದ ಮೇಲೆ ಕೆತ್ತನೆಯ ಉಳಿ ಮುಟ್ಟಿದ್ದೇ ಇಲ್ಲ. ನಾನು ಚಿಕ್ಕವಳಿದ್ದಾಗ ಒಂದು ಕುದುರೆ ಮಾಡಿಕೊಡಿ ಎಂದು ಹಟ ಹಿಡಿದರೆ, "ನಮ್ಮಪ್ಪನೇ ಬೇಡ ಅಂದ ಕೈ ಇದು" ಎಂದು ಕೈ ತೋರಿಸುತ್ತಿದ್ದರು.

ಅವರಿಗೆ ಬೇಕಾಗಿರುವುದು ಒಂದೇ ಉತ್ತರ. ನೀವು ಅಲ್ಲೇ ಇದ್ದಿರಂತೆ. ಕಣ್ಣು ಹೋಗಿದ್ದ ತಾತ ತಮ್ಮ ಕೀಸುಳಿಯನ್ನು ಚಿಕ್ಕಪ್ಪನ ಕೈಗೆ ಕೊಟ್ಟು ತಲೆಯ ಮೇಲೆ ಕೈಯಿಟ್ಟಾಗ, ತಾನು ಕೊಡುತ್ತಿರುವುದು ಯಾರಿಗೆ ಎಂದು ತಾತನಿಗೆ ಗೊತ್ತಿತ್ತಾ? ಆಪರೇಷನ್‌ಗೆ ಮುಂಚೆ ಬರೆಯಿರಿ.

ನಿಮ್ಮ ಮೊಮ್ಮಗಳು


9 ಜುಲೈ 1991

ಮೊಮ್ಮಗಳಿಗೆ,

ಪಾಠದ ಪಟ್ಟಿ ಕೇಳುವ ನೆಪದಲ್ಲಿ ಒಳಗೆ ಬಂದು ಕೂತವಳು ನೀನು. ನಿನ್ನಪ್ಪನಿಗೂ ಇದೇ ಅಭ್ಯಾಸವಿತ್ತು. ಅಂಗಡಿಯಲ್ಲಿ ಪಾಲು ಬೇಕಿದ್ದರೆ ನೇರವಾಗಿ ಕೇಳಬೇಕು. ಕಾಯಿಲೆಯನ್ನು ಮುಂದೆ ಮಾಡಿಕೊಂಡು ಬರಬಾರದು.

ನಮ್ಮ ಕಸುಬಿನ ಪದ್ಧತಿ ನಿನಗೆ ತಿಳಿಯದು. ಯಜಮಾನ ತನ್ನ ಸ್ವಂತ ಕೀಸುಳಿಯನ್ನು, ಎಂದರೆ ಮರ ನಯಮಾಡುವ ಆ ಹತಾರವನ್ನು, ಕೆಲಸಗಾರರ ಎದುರಿಗೆ ಯಾರ ಕೈಯಲ್ಲಿಡುತ್ತಾನೋ ಅವನೇ ಮುಂದಿನ ಯಜಮಾನ. ಕೊಟ್ಟದ್ದನ್ನು ಹಿಂದಕ್ಕೆ ಪಡೆಯುವಂತಿಲ್ಲ. ನಿನ್ನ ತಾತನಿಗೆ ಕಣ್ಣು ಹೋಗಿತ್ತು, ಬುದ್ಧಿ ಹೋಗಿರಲಿಲ್ಲ. ಯಾರಿಗೆ ಕೊಡುತ್ತಿದ್ದೇನೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ನಿನ್ನಪ್ಪನಿಗೆ ಬಾಯಿ ಜೋರು, ಕುಡಿತವಿತ್ತು, ನಾನು ಬೇಡವೆಂದ ಹೆಣ್ಣನ್ನೇ ಕಟ್ಟಿಕೊಂಡ. ಏಸಾವನೂ ಹಾಗೆಯೇ ಮಾಡಿದ್ದ. ಅವನು ಅತ್ತದ್ದು ನಿಜ. ಅತ್ತವರನ್ನೆಲ್ಲ ಬಲಗಡೆ ಇಡುತ್ತಾ ಹೋದರೆ ಎಡಗಡೆಯ ಹಲಗೆ ಬರಿದಾಗುತ್ತದೆ.

ನಿನ್ನ ತಾಯಿಯ ಸುದ್ದಿ ತಿಳಿದು ಪ್ರಾರ್ಥಿಸಿದೆ.

ಆಸ್ಪತ್ರೆಯಲ್ಲಿ ಅವನನ್ನು ಎಡ ಮಗ್ಗುಲಿಗೆ ಮಲಗಿಸಬೇಡಿ. ಚಿಕ್ಕಂದಿನಿಂದಲೂ ಆ ಕಡೆಗೆ ಮಲಗಿದರೆ ಬೆಚ್ಚಿಬೀಳುತ್ತಾನೆ.

ಅಜ್ಜಿ


19 ಜುಲೈ 1991

ಅಜ್ಜಿಗೆ,

ನಮಗೆ ಯಾವ ಪಾಲೂ ಬೇಡ.

ನಿಮ್ಮ ಪತ್ರವನ್ನು ಬಚ್ಚಿಡಬೇಕೆಂದಿದ್ದೆ. ಅಂಚೆಯವರು ಅಪ್ಪನ ಎದುರಿಗೇ ಕೊಟ್ಟಿದ್ದರು. ಓದು ಎಂದರು, ಓದಿದೆ. 'ಚೆನ್ನಾಗಿ ಗೊತ್ತಿತ್ತು' ಎಂಬಲ್ಲಿಗೆ ಬಂದಾಗ ಕೈ ಎತ್ತಿ ನಿಲ್ಲಿಸಿದರು. "ಸಾಕು. ಮುಗೀತಲ್ಲ" ಎಂದರು. ಆಮೇಲೆ ಕೇಳಿದರು, "ಅಮ್ಮನ ಅಕ್ಷರ ಈಗಲೂ ಹಾಗೇ ಇದ್ಯಾ? ಗೆರೆ ಹೊಡೆದ ಹಾಗೆ?" ಹೌದು ಎಂದೆ. "ಹೂಂ, ಅವಳ ಕೈ ನಡುಗಲ್ಲ" ಎಂದರು.

ಅಂದಿನಿಂದ ಊಟ ಅಷ್ಟಕ್ಕಷ್ಟೇ. ಆಪರೇಷನ್ ಕಾಗದಕ್ಕೆ ಸಹಿ ಮಾಡಿದರು. ಎಲ್ಲಿ ಹಾಕಬೇಕು ಎಂದು ಮಾತ್ರ ಕೇಳಿದರು. ಬಲ ಮಗ್ಗುಲಿಗೇ ಮಲಗಿಸುತ್ತೇನೆ. ಇನ್ನು ನಿಮಗೆ ತೊಂದರೆ ಕೊಡುವುದಿಲ್ಲ.

ಮೊಮ್ಮಗಳು


30 ಜುಲೈ 1991

ಮೊಮ್ಮಗಳಿಗೆ,

ಇದನ್ನು ನಿನ್ನಪ್ಪನಿಗೆ ಪೂರ್ತಿ ಓದು. ಅವನು ಕೈ ಎತ್ತಿದರೂ ನಿಲ್ಲಿಸಬೇಡ.

ನಾನು ಬರೆದದ್ದು ಸುಳ್ಳು. ನಿನ್ನ ತಾತನಿಗೆ ಗೊತ್ತಿರಲಿಲ್ಲ.

ಅವರು ಹಾಸಿಗೆ ಹಿಡಿದು ಎರಡು ತಿಂಗಳಾಗಿತ್ತು. ಒಂದು ಶುಕ್ರವಾರ ನನ್ನನ್ನು ಕರೆದು, "ನಾಳೆ ಕೆಲಸದವರನ್ನೆಲ್ಲ ಸೇರಿಸು. ದೊಡ್ಡೋನಿಗೆ ಕೀಸುಳಿ ಕೊಟ್ಟುಬಿಡ್ತೀನಿ. ಬಾಯಿ ಕೆಟ್ಟದ್ದು, ಆದರೆ ಕೈ ಚಿನ್ನ" ಎಂದರು. ನಾನು ಆಗಲಿ ಎಂದೆ. ಅವನ ಕೈಗೆ ಹೋದರೆ ಅಂಗಡಿ ಕುಡಿತಕ್ಕೆ ಹೋಯಿತು ಎಂದು ನನ್ನ ಲೆಕ್ಕ. ಶನಿವಾರ ಬೆಳಿಗ್ಗೆ, ಮರ ಬಂದಿದೆಯಂತೆ ನೋಡಿಕೊಂಡು ಬಾ ಎಂದು ನಿನ್ನಪ್ಪನನ್ನು ಊರಾಚೆಯ ಮರದ ಡಿಪೋಗೆ ಕಳಿಸಿದೆ. ಮರ ಬಂದಿರಲಿಲ್ಲ.

ಚಿಕ್ಕವನು ಅಂಗಡಿಯ ಪತ್ರವ್ಯವಹಾರ ನೋಡಿಕೊಳ್ಳುತ್ತಿದ್ದ. ಅವನ ಅಂಗೈ ಹತ್ತಿಯಂತಿತ್ತು. ಮರಕ್ಕೆ ಹಚ್ಚುವ ಅಂಟನ್ನು ಕಾಯಿಸಿ ನಾನೇ ಅವನ ಅಂಗೈಗೆ ಬಳಿದೆ. ಹೊಟ್ಟಿನಲ್ಲಿ ಉಜ್ಜಿಸಿ ಬಿಸಿಲಿಗೆ ಒಣಗಿಸಿದೆ. ಕೈ ಬಡಗಿಯ ಕೈಯಷ್ಟೇ ಒರಟಾಯಿತು. ಅಣ್ಣನ ಪಾಲಿಶ್ ವಾಸನೆಯ ಅಂಗಿ ತೊಡಿಸಿದೆ. "ಅಮ್ಮ, ಅಪ್ಪನಿಗೆ ಗೊತ್ತಾದ್ರೆ?" ಎಂದು ಅತ್ತ. "ಶಾಪ ಬಂದರೆ ನನಗೆ ಬರಲಿ" ಎಂದೆ. ಅದು ನನ್ನ ಮಾತಲ್ಲ. ಯಾಕೋಬನ ಕೈಗೆ ಮೇಕೆಯ ಚರ್ಮ ಸುತ್ತಿ, ಅಣ್ಣನ ಬಟ್ಟೆ ತೊಡಿಸಿ, ಏಸಾವನ ಆಶೀರ್ವಾದ ಪಡೆಯಲು ಕುರುಡ ಗಂಡನ ಬಳಿಗೆ ಕಳಿಸುವಾಗ ರೆಬೆಕ್ಕ ಹೇಳಿದ್ದು. ಮಕ್ಕಳಿಗೆ ಅಷ್ಟು ವರ್ಷ ಆ ಪಾಠ ಹೇಳಿದವಳಿಗೆ ಆಟ ಪೂರ್ತಿ ಬಾಯಿಪಾಠವಾಗಿತ್ತು. ದೇವರು ನನಗೂ ಅದೇ ಕೆಲಸ ಹಚ್ಚಿದ್ದಾನೆಂದು ನಂಬಿದೆ. ದೇವರು ನನಗೆ ಏನನ್ನೂ ಹೇಳಿರಲಿಲ್ಲ.

ಗಾಳಿಯಾಡಲಿ ಎಂದು ಕೆಲಸಗಾರರನ್ನು ಬಾಗಿಲಾಚೆ ನಿಲ್ಲಿಸಿದ್ದೆ. ಅವರಿಗೆ ಕಂಡಿತು, ಕೇಳಿಸಲಿಲ್ಲ. ನನಗೆ ಕೇಳಿಸಿತು. ನಿನ್ನ ತಾತ ಚಿಕ್ಕವನ ಅಂಗೈ ಸವರಿದರು. ತಲೆಯ ಮೇಲೆ ಕೈಯಿಟ್ಟು, "ಗರಗಸ, ಬಂದ್ಯೇನೋ" ಎಂದರು. ಹುಟ್ಟಿದಾಗ ನಿನ್ನಪ್ಪನ ಅಳು ಮರ ಕೊಯ್ದ ಹಾಗಿತ್ತು. ಆ ಹೆಸರನ್ನು ಅವರು ಇಟ್ಟದ್ದು ಅವನೊಬ್ಬನಿಗೇ. "ನನಗಿಂತ ಚೆನ್ನಾಗಿ ಮಾಡ್ತೀಯ ಕಣೋ. ನಾನು ಯಾವತ್ತೂ ಹೇಳ್ಲಿಲ್ಲ, ಹೇಳ್ಬೇಕಿತ್ತು" ಎಂದರು.

ಸಂಜೆ ನಿನ್ನಪ್ಪ ಬಂದಾಗ ಕೀಸುಳಿ ತಮ್ಮನ ಕೈಯಲ್ಲಿತ್ತು. "ಅಪ್ಪನೇ ಕೊಟ್ರಾ?" ಎಂದ. "ಹೌದು" ಎಂದೆ. ಒಳಗೆ ಹೋಗಿ ಒಂದು ಮಾತು ಕೇಳಿದ್ದರೆ ಸಾಕಿತ್ತು. ಅವನು ಕೇಳುವುದಿಲ್ಲವೆಂದು ನನಗೆ ಗೊತ್ತಿತ್ತು. ಅವನು ನನ್ನ ಮಗ, ಸ್ವಾಭಿಮಾನ ಎಲ್ಲಿಂದ ಬಂತೆಂದು ಬೇರೆ ಹೇಳಬೇಕೇ? ನಿಮ್ಮಿಬ್ಬರನ್ನೂ ಕರೆದುಕೊಂಡು ಬೆಳಗಿನ ರೈಲು ಹತ್ತಿದ. ನಿನ್ನ ತಾತ ಮೂರನೆಯ ದಿನ ಹೋದರು. ಅದಕ್ಕೆ ಮುಂಚೆ, "ಕೀಸುಳಿ ಗರಗಸನ ಕೈಗೆ ಒಗ್ಗಿತಾ?" ಎಂದು ಕೇಳಿದರು. ಒಗ್ಗಿತು ಎಂದೆ.

ಮೂವತ್ತೊಂದು ವರ್ಷ ಪಾಠ ಹೇಳಿದರೂ ಒಂದು ವಿಷಯ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ನಿನ್ನ ಕಾಗದ ಬಂದ ಮೇಲೆ ಪುಸ್ತಕ ತೆಗೆದು ನೋಡಿದೆ. ಸ್ವಲ್ಪ ದಿನ ದೂರವಿರು, ಅಣ್ಣನ ಕೋಪ ಇಳಿದ ಮೇಲೆ ಹೇಳಿಕಳಿಸುತ್ತೇನೆ ಎಂದು ರೆಬೆಕ್ಕ ಯಾಕೋಬನನ್ನು ಕಳಿಸುತ್ತಾಳೆ. ಹೇಳಿಕಳಿಸಿದಳೆಂದು ಎಲ್ಲಿಯೂ ಬರೆದಿಲ್ಲ. ಮಗ ಇಪ್ಪತ್ತು ವರ್ಷಕ್ಕೆ ಮರಳುತ್ತಾನೆ. ಆ ಕೆಂಪು ಏಸಾವ ಓಡಿಬಂದು ತಮ್ಮನನ್ನು ತಬ್ಬಿಕೊಂಡು ಅಳುತ್ತಾನೆ. ಕುರುಡ ಅಪ್ಪ ಇನ್ನೂ ಇದ್ದಾನೆ. ತಾಯಿಯ ಸುದ್ದಿಯೇ ಇಲ್ಲ.

ಹಲಗೆ ಬದಲಿಸಬೇಡ ಎಂದಿದ್ದೆ. ಬದಲಿಸು. ರೆಬೆಕ್ಕಳನ್ನು ಎಡಗಡೆ ಇಡು. ಕೊನೆಯ ಭಾನುವಾರ ಮಕ್ಕಳ ಕೈಗೆ ಚೆಂಡು ಕೊಡು.

ಆಪರೇಷನ್‌ಗೆ ಇನ್ನೂ ಹದಿಮೂರು ದಿನವಿದೆ. ಅಂಚೆಗೆ ನಾಲ್ಕು ದಿನ ಸಾಕು. ಚಿಕ್ಕವನ ಕೈಯಲ್ಲಿ ಈಗಲೇ ಕೊಟ್ಟು ಕಳಿಸುತ್ತೇನೆ. ಕ್ಷಮಿಸು ಎಂದು ನಿನ್ನಪ್ಪನನ್ನು ಕೇಳುವುದಿಲ್ಲ. ಗೊತ್ತಾಯಿತು ಎಂದು ಒಂದು ಮಾತು ಬರೆಸು.

ಅಜ್ಜಿ


21 ಆಗಸ್ಟ್ 1991

ಅಜ್ಜಿಗೆ,

ಜುಲೈ ಮೂವತ್ತರ ನಿಮ್ಮ ಪತ್ರ ನನ್ನ ಕೈ ಸೇರಿದ್ದು ಆಗಸ್ಟ್ ಹದಿನಾರಕ್ಕೆ. ಲಕೋಟೆಯ ಮುದ್ರೆಯಲ್ಲಿ ಹನ್ನೆರಡು ಎಂದಿದೆ. ಅದು ಆಪರೇಷನ್ ಆದ ದಿನ.

ಅಪ್ಪ ಬದುಕಿದರು. ಮಾತಾಡುತ್ತಾರೆ, ನನ್ನನ್ನು ಗುರುತಿಸುತ್ತಾರೆ, ನರ್ಸಮ್ಮನ ಜೊತೆ ಗಂಜಿಯ ವಿಷಯಕ್ಕೆ ಜಗಳವಾಡುತ್ತಾರೆ. ಹದಿನೆಂಟರ ಬೆಳಿಗ್ಗೆ ಪತ್ರ ಓದಿದೆ. ಕೈ ಎತ್ತಲಿಲ್ಲ. ತಾತ ಆಡಿದ ಮಾತನ್ನು ಮೂರು ಸಲ ಓದಿಸಿಕೊಂಡರು. "ಗರಗಸ ಅಂದ್ರಾ? ಸರಿಯಾಗಿ ನೋಡು" ಎಂದರು. ಆಮೇಲೆ ಅತ್ತರು. ಅಮ್ಮ ಹೋದಾಗಲೂ ಹಾಗೆ ಅತ್ತಿರಲಿಲ್ಲ. ಅತ್ತು ಮುಗಿದ ಮೇಲೆ ಮುಖವೇ ಬೇರೆಯಾಗಿತ್ತು. "ಮನೆಗೆ ಹೋದ ಮೇಲೆ ಒಂದು ಒಳ್ಳೆ ಮರದ ತುಂಡು ತಂದುಕೊಡು. ನಿನಗೆ ಕುದುರೆ ಬಾಕಿ ಇದೆ" ಎಂದರು. ನಿಮ್ಮ ಬಗ್ಗೆ ಏನಾದರೂ ಹೇಳುತ್ತಾರಾ ಎಂದು ಕಾದೆ. "ಅಮ್ಮನಿಗೆ ಬರೆಯೋದು ಏನಿದ್ರೂ ನಾಳೆ ಹೇಳ್ತೀನಿ" ಎಂದರು.

ಮರುದಿನ ಬೆಳಿಗ್ಗೆ ನಾನು ಕಾಗದ ಪೆನ್ನು ಹಿಡಿದು ಹೋದೆ. ಅಪ್ಪ ಗೋಡೆ ನೋಡುತ್ತಾ ಮಲಗಿದ್ದರು. "ಅಮ್ಮ ಬರೆದಿದ್ದಳಲ್ಲ, ಅಪ್ಪನಿಗೆ ಗೊತ್ತಿತ್ತಂತೆ" ಎಂದರು.

ಡಾಕ್ಟರನ್ನು ಕೇಳಿದೆ. ಆಪರೇಷನ್‌ಗೆ ಮುಂಚಿನದೆಲ್ಲ ಇದೆಯಂತೆ. ಹೊಸದಾಗಿ ಹೇಳಿದ್ದು ಒಂದು ನಿದ್ದೆಯಾದ ಮೇಲೆ ಇರುವುದಿಲ್ಲವಂತೆ. ನಿಮ್ಮ ಜುಲೈ ಒಂಬತ್ತರ ಪತ್ರ ಅವರಲ್ಲಿ ಉಳಿದಿದೆ ಅಜ್ಜಿ. ಮೂವತ್ತರದು ನಿಲ್ಲುತ್ತಿಲ್ಲ.

ಅದು ಹದಿಮೂರು ದಿನ ಎಲ್ಲಿತ್ತು?

ಮೊಮ್ಮಗಳು


30 ಆಗಸ್ಟ್ 1991

ಮೊಮ್ಮಗಳಿಗೆ,

ನಿನ್ನ ಚಿಕ್ಕಪ್ಪನ ಜೇಬಿನಲ್ಲಿತ್ತು.

ಮೇಲಕ್ಕೆ ಕರೆಸಿ ಕೇಳಿದೆ. "ಒಡೆದು ಓದಿದ್ಯಾ?" ಎಂದೆ. "ಓದೋದೇನಮ್ಮ, ಒಳಗೆ ನಾನೇ ಇದ್ದೆನಲ್ಲ" ಎಂದ. ಹಾಗಾದರೆ ಏಕೆ ಹಾಕಲಿಲ್ಲ ಎಂದೆ. "ಇಷ್ಟು ವರ್ಷ ಅಣ್ಣನ ಕಣ್ಣಲ್ಲಿ ನಾನು ಅದೃಷ್ಟವಂತ ಆಗಿದ್ದೆ. ಕಳ್ಳ ಆಗೋಕೆ ಧೈರ್ಯ ಬರ್ಲಿಲ್ಲ. ದಿನಾ ಅಂಚೆ ಡಬ್ಬಿ ತನಕ ಹೋಗ್ತಿದ್ದೆ. ಆಪರೇಷನ್ ದಿನ ತಡೆಯೋಕಾಗದೆ ಹಾಕಿಬಿಟ್ಟೆ" ಎಂದ. ಅವನಿಗೀಗ ನಲವತ್ತೊಂದು. ಬೈಯಲು ಬಾಯಿ ತೆರೆದೆ, ಮುಚ್ಚಿದೆ. ಬಾಯಿ ಮುಚ್ಚಿಕೊಂಡಿರುವುದನ್ನು ಅವನಿಗೆ ಕಲಿಸಿದವಳು ನಾನೇ.

ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗು ಎಂದೆ. ಇಬ್ಬರು ಕೆಲಸಗಾರರನ್ನು ಕರೆತಂದು ಕುರ್ಚಿಯಲ್ಲಿ ಕೂರಿಸಿ ಎತ್ತಿದರು. ನಾಲ್ಕನೆಯ ಮೆಟ್ಟಿಲಿಗೆ ನನಗೆ ಪ್ರಜ್ಞೆ ತಪ್ಪಿತಂತೆ. ಎಚ್ಚರವಾದಾಗ ಇದೇ ಹಾಸಿಗೆಯಲ್ಲಿದ್ದೆ. ಎರಡು ದಿನದ ರೈಲಿನ ಮಾತು ಹಾಗಿರಲಿ, ನನಗೆ ಬೀದಿಯೇ ಸಿಗಲಿಲ್ಲ. ನೀನು ಹೋಗು ಎಂದರೆ ಚಿಕ್ಕವನು ತಲೆ ತಗ್ಗಿಸುತ್ತಾನೆ.

ಇನ್ನೊಂದು ಸಲ ಓದಿ ನೋಡು. ನಿಧಾನವಾಗಿ ಓದು. ನಿಂತೀತು.

ಅಜ್ಜಿ


14 ಸೆಪ್ಟೆಂಬರ್ 1991

ಅಜ್ಜಿಗೆ,

ಇಪ್ಪತ್ತಮೂರು ಸಲ ಓದಿದೆ. ನಿಧಾನವಾಗಿ ಓದಿದೆ, ಜೋರಾಗಿ ಓದಿದೆ, ಅವರ ಕೈಯಲ್ಲೇ ಓದಿಸಿದೆ. ಪ್ರತಿ ಸಲವೂ ಅದೇ ಮೊದಲ ಸಲ. ಅದೇ ಜಾಗದಲ್ಲಿ ನಿಲ್ಲಿಸಿ, "ಗರಗಸ ಅಂದ್ರಾ?" ಎನ್ನುತ್ತಾರೆ. ಅಳುತ್ತಾರೆ. ಆಮೇಲೆ ಮಧ್ಯಾಹ್ನದವರೆಗೆ ಅವರಷ್ಟು ಸಂತೋಷವಾಗಿರುವವರು ಈ ಬೀದಿಯಲ್ಲಿ ಯಾರೂ ಇಲ್ಲ. ಊಟವಾಗಿ ಒಂದು ನಿದ್ದೆ ಮಾಡಿ ಎದ್ದರೆ ಮತ್ತೆ ಗೋಡೆ ನೋಡುತ್ತಾರೆ. ನಿಮ್ಮ ಮೇಲೆ ಕೋಪ ಬರುವ ದಿನವೂ ಇದೆ, ಪಾಪ ಅಮ್ಮ ಎನ್ನುವ ದಿನವೂ ಇದೆ. ಒಂದು ದಿನ ನಿಮಗೆ ಉತ್ತರ ಹೇಳಲು ಶುರುಮಾಡಿ ಅರ್ಧದಲ್ಲೇ ನಿದ್ದೆ ಹೋದರು.

ಅವರು ದಿನಾ ಅಳುವುದನ್ನು ನೋಡಲಾರೆ. ಓದದಿದ್ದರೆ ಆ ಹಳೆಯ ಸುಳ್ಳನ್ನೇ ನಂಬಿಕೊಂಡು ಬಿದ್ದಿರುತ್ತಾರೆ. ಶಾಲೆಗೆ ಹಾಕಿದ್ದ ರಜೆ ಮುಗಿದಿದೆ. ಬೆಳಿಗ್ಗೆ ಏಳೂವರೆಗೆ ನಾನು ಹೊರಡಬೇಕು. ಅವರು ಏಳುವುದು ಎಂಟಕ್ಕೆ. ಏನು ಮಾಡಲಿ ಅಜ್ಜಿ?

ಮೊಮ್ಮಗಳು


23 ಸೆಪ್ಟೆಂಬರ್ 1991

ಮೊಮ್ಮಗಳಿಗೆ,

ಏನು ಮಾಡಲಿ ಎಂದು ಯಾರಾದರೂ ಕೇಳಿದರೆ ನನ್ನಲ್ಲಿ ಯಾವಾಗಲೂ ಉತ್ತರವಿರುತ್ತಿತ್ತು. ಈ ಸಲ ನಾಲ್ಕು ದಿನ ಕೂತರೂ ಇಲ್ಲ. ಓದಿಸುವುದು ಸರಿಯೋ ತಪ್ಪೋ ನನಗೆ ತಿಳಿಯದು.

ಇದರ ಜೊತೆ ಒಂದು ಹಾಳೆ ಇಟ್ಟಿದ್ದೇನೆ. ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ. ಕೈ ನಡುಗಿ ಎರಡು ಹಾಳೆ ಕೆಟ್ಟವು, ಇದು ಮೂರನೆಯದು. ಅವನು ಮುಖ ಮಾಡಿ ಮಲಗುವ ಗೋಡೆಗೆ, ಕಣ್ಣಿನ ನೇರಕ್ಕೆ ಅಂಟಿಸು. ನೀನು ಶಾಲೆಗೆ ಹೋಗು. ದಿನವೂ ಬೆಳಿಗ್ಗೆ ಅವನಿಗೆ ಹೇಳಬೇಕಾದವಳು ನಾನು.

ಅಜ್ಜಿ


ಮಗನೇ,

ಇದು ಅಮ್ಮನ ಅಕ್ಷರ.

ನಾನು ಮೊದಲು ಬರೆದ ಕಾಗದ ಸುಳ್ಳು. ಅಪ್ಪ ಕೀಸುಳಿ ಕೊಟ್ಟದ್ದು ನಿನಗೆ. ಅದು ಬೇರೆ ಕೈಗೆ ಹೋಗುವಂತೆ ಮಾಡಿದವಳು ನಾನು. ಅಪ್ಪನಿಗೆ ಅದು ಗೊತ್ತಿರಲಿಲ್ಲ. ನಿನ್ನ ಕೈ ಚಿನ್ನ ಎಂದರು.

ಅಳು ಬಂದರೆ ಅಳು. ನನ್ನನ್ನು ಬೈಯಬೇಕೆನಿಸಿದರೆ ಬೈ. ಆಮೇಲೆ ಎದ್ದು ಊಟ ಮಾಡು.

ನಾಳೆಗೆ ಇದು ನಿನಗೆ ನೆನಪಿರುವುದಿಲ್ಲ. ಎದ್ದ ಕೂಡಲೇ ಮತ್ತೆ ಓದು.